ಹೂಳು ತಳ ಹಿಡಿಯುವ ಮುನ್ನ

ಓದುಗರ ಪ್ರಶ್ನೆ: ಅಣೆಕಟ್ಟೆಗಳ ಹಿಂದೆ ಹೂಳು ತುಂಬಿ ಜಲಾಶಯಗಳ ಸಾಮರ್ಥ್ಯ ಕುಗ್ಗುತ್ತಿದೆ ಎಂದು ಆಗಾಗ ಓದುತ್ತೇನೆ. ನೀರು ಇಳಿದ ಕಾಲದಲ್ಲಿ ಯಂತ್ರಗಳನ್ನು ಇಳಿಸಿ ಹೂಳೆತ್ತಿ ಹೊರಗೆ ಹಾಕಿದರೆ ಆಗುವುದಿಲ್ಲವೇ? ಹೂಳಿಗೆಂದೇ ತಳದಲ್ಲಿ ಜಾಗ ಬಿಟ್ಟಿರುತ್ತಾರೆ ಎನ್ನುತ್ತಾರೆ, ಅದು ಸಾಲದೇ? ಕಾಡು ಬೆಳೆಸುವುದು, ಅಣೆಕಟ್ಟೆಯನ್ನು ಎತ್ತರಿಸುವುದು ಇವೆಲ್ಲ ಎಷ್ಟರಮಟ್ಟಿಗೆ ಫಲ ಕೊಡುತ್ತವೆ?

ತಜ್ಞರ ಉತ್ತರ:

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಜಲಾಶಯದಲ್ಲಿ ಹತ್ತು ಕೋಟಿ ಘನ ಮೀಟರ್ ಹೂಳು ತುಂಬಿದೆ ಎಂದುಕೊಳ್ಳಿ. ದೊಡ್ಡ ಜಲಾಶಯಗಳ ಮಟ್ಟಿಗೆ ಇದು ಹೆಚ್ಚೇನಲ್ಲ. ಒಂದು ಲಾರಿ ಒಮ್ಮೆಗೆ ಹತ್ತು ಘನ ಮೀಟರ್ ಹೊತ್ತೊಯ್ದರೆ ಒಂದು ಕೋಟಿ ಲೋಡು ಬೇಕು. ನಿಮಿಷಕ್ಕೊಂದು ಲಾರಿ, ಹಗಲೂ ರಾತ್ರಿಯೂ, ಒಂದು ದಿನವೂ ನಿಲ್ಲದೆ ಹೊರಟರೆ ಕೆಲಸ ಮುಗಿಯಲು 19 ವರ್ಷ. ಈ 19 ವರ್ಷವೂ ನದಿ ಹೊಸ ಹೂಳನ್ನು ತಂದು ಸುರಿಯುತ್ತಲೇ ಇರುತ್ತದೆ. ತೆಗೆದ ಮಣ್ಣನ್ನು ಎಲ್ಲಿ ಹಾಕುವುದು ಎಂಬುದು ಇನ್ನೊಂದು ಪ್ರಶ್ನೆ. ಒಂದು ಮೀಟರ್ ದಪ್ಪಕ್ಕೆ ಹರಡಿದರೂ ನೂರು ಚದರ ಕಿಲೋಮೀಟರ್ ನೆಲ ಬೇಕು. ಸಣ್ಣ ಕೆರೆಗಳಿಗೆ ಹೂಳೆತ್ತುವುದು ಸರಿಯಾದ ಉಪಾಯ. ದೊಡ್ಡ ಜಲಾಶಯದಲ್ಲಿ ಅದನ್ನೇ ಮುಖ್ಯ ಪರಿಹಾರವೆಂದು ಹಿಡಿದರೆ ಸೋಲು ಖಚಿತ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಹೂಳು ತಳದಲ್ಲಿ ಕುಳಿತು ಗಟ್ಟಿಯಾದ ಮೇಲೆ ಅದನ್ನು ಎಬ್ಬಿಸುವುದು ಕಷ್ಟ. ಆದರೆ ನದಿಯ ನೀರಿನಲ್ಲಿ ತೇಲುತ್ತಾ ಬರುವಾಗ ಅದನ್ನು ಅಣೆಕಟ್ಟೆಯಾಚೆ ದಾಟಿಸಲು ನದಿಯ ಬಲವೇ ಸಾಕು, ಇಂಧನ ಬೇಡ, ಲಾರಿ ಬೇಡ. ಇದಕ್ಕೆ ಬೇಕಾದದ್ದು ಎರಡು: ಆಳದಲ್ಲಿ ದೊಡ್ಡ ಗೇಟುಗಳು, ಮತ್ತು ಪ್ರವಾಹದ ದಿನಗಳಲ್ಲಿ ನೀರನ್ನು ಹಿಡಿದಿಡುವ ಆಸೆಯನ್ನು ಸ್ವಲ್ಪ ಕಾಲ ತಡೆದುಕೊಳ್ಳುವ ಧೈರ್ಯ. ನನ್ನ ಅನುಭವದಲ್ಲಿ ಹೆಚ್ಚು ಅಪರೂಪವಾದದ್ದು ಎರಡನೆಯದು.

ತಳದಲ್ಲಿ ಬಿಟ್ಟಿರುವ ಜಾಗದ ವಿಷಯಕ್ಕೆ ಬರುತ್ತೇನೆ. ಎಂಜಿನಿಯರುಗಳು ಅದನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಅತಿ ಕೆಳಗಿನ ತೂಬಿಗಿಂತ ಕೆಳಗೆ ಉಳಿಯುವ, ಬಳಕೆಗೆ ಸಿಗದ ನೀರಿನ ಜಾಗ ಅದು. ಐವತ್ತೋ ನೂರೋ ವರ್ಷದ ಹೂಳು ಅಲ್ಲಿಗೆ ಹೋಗಿ ತುಂಬಿಕೊಳ್ಳುತ್ತದೆ, ಮೇಲಿನ ಬಳಕೆಯ ನೀರಿಗೆ ಧಕ್ಕೆಯಿಲ್ಲ ಎಂಬ ಎಣಿಕೆಯಲ್ಲಿ ಎಷ್ಟೋ ಅಣೆಕಟ್ಟೆಗಳನ್ನು ಕಟ್ಟಲಾಯಿತು. ನದಿಗೆ ಈ ಎಣಿಕೆ ಗೊತ್ತಿಲ್ಲ. ಹರಿಯುವ ನೀರು ಹಿನ್ನೀರಿನ ತುದಿಯನ್ನು ಮುಟ್ಟಿದ ಕ್ಷಣದಲ್ಲೇ ವೇಗ ಕಳೆದುಕೊಳ್ಳುತ್ತದೆ. ಜಲ್ಲಿ, ನುರುಜು, ದಪ್ಪ ಮರಳು ಅಲ್ಲಿಯೇ ಬೀಳುತ್ತವೆ. ಸಮುದ್ರ ಸೇರುವಲ್ಲಿ ನದಿ ಮುಖಜಭೂಮಿ ಕಟ್ಟುವ ಹಾಗೆಯೇ ಜಲಾಶಯದ ಮೇಲ್ತುದಿಯಲ್ಲಿಯೂ ಒಂದು ಮುಖಜಭೂಮಿ ಬೆಳೆಯುತ್ತದೆ. ಅದು ಕೂರುವುದು ಬಳಕೆಯ ನೀರಿನ ಜಾಗದಲ್ಲೇ. ವರ್ಷದಿಂದ ವರ್ಷಕ್ಕೆ ಅಣೆಕಟ್ಟೆಯ ಕಡೆಗೆ ತೆವಳುತ್ತಲೂ ಇರುತ್ತದೆ. ಸಿಂಧೂ ನದಿಯ ತರ್ಬೇಲಾ ಜಲಾಶಯ ಇದಕ್ಕೆ ಪಾಠದಂಥ ಉದಾಹರಣೆ. 1970ರ ದಶಕದಲ್ಲಿ ತುಂಬಲು ಶುರುವಾದ ಆ ಜಲಾಶಯ ತನ್ನ ಸಾಮರ್ಥ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಈಗಾಗಲೇ ಕಳೆದುಕೊಂಡಿದೆ, ಮುಖಜಭೂಮಿಯ ಮುಂತುದಿ ಕಟ್ಟೆಯ ಹತ್ತಿರಕ್ಕೆ ಬಂದಿದೆ.

ನಯವಾದ ಕಣಗಳ ಕಥೆ ಬೇರೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ರೇವೆಯ ಕಣ ನಿಂತ ನೀರಿನಲ್ಲಿ ದಿನಕ್ಕೆ ಏಳೆಂಟು ಮೀಟರ್ ಇಳಿಯುತ್ತದೆ. ಮೂವತ್ತು ಮೀಟರ್ ಆಳ ತಲುಪಲು ಅದಕ್ಕೆ ನಾಲ್ಕು ದಿನ. ಅದರ ಹತ್ತನೇ ಒಂದು ಗಾತ್ರದ ಜೇಡಿಯ ಕಣ ಒಂಟಿಯಾಗಿಯೇ ಇಳಿದರೆ ಅದೇ ಆಳಕ್ಕೆ ಒಂದು ವರ್ಷಕ್ಕೂ ಹೆಚ್ಚು ಬೇಕು. ಹಲವು ಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗಿ ಬೀಳುವುದರಿಂದ ವಾಸ್ತವದಲ್ಲಿ ಇದು ಬೇಗ ಆಗುತ್ತದೆ. ಈ ಅಂಕಿಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಪ್ರವಾಹದ ನೀರನ್ನು ಜಲಾಶಯದಲ್ಲಿ ನಾಲ್ಕು ದಿನ ತಡೆದರೆ ಹೂಳನ್ನು ಉಳಿಸಿಕೊಂಡಂತೆ, ಒಂದೇ ದಿನದಲ್ಲಿ ದಾಟಿಸಿದರೆ ಅದರ ಬಹುಪಾಲನ್ನು ಕಳಿಸಿದಂತೆ. ಅಮೆರಿಕದ ಬ್ರೂನ್ ಎಂಬವರು 1953ರಲ್ಲಿ ಹಲವು ಜಲಾಶಯಗಳ ಮಾಹಿತಿಯಿಂದ ಒಂದು ರೇಖೆಯನ್ನು ಬರೆದರು, ಅದನ್ನು ಇಂದಿಗೂ ಬಳಸುತ್ತೇವೆ. ವರ್ಷದ ಒಳಹರಿವಿನ ಹತ್ತನೇ ಒಂದು ಭಾಗವನ್ನು ಮಾತ್ರ ಹಿಡಿಯಬಲ್ಲ ಜಲಾಶಯ ಕೂಡ ಬರುವ ಹೂಳಿನಲ್ಲಿ ಸುಮಾರು ಶೇ. 85ರಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಆ ರೇಖೆ ತೋರಿಸುತ್ತದೆ. ಜಗತ್ತಿನ ಜಲಾಶಯಗಳು ಒಟ್ಟಾಗಿ ವರ್ಷಕ್ಕೆ ಶೇ. 0.5ರಿಂದ 1ರಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತಿವೆ ಎಂಬುದು ತಜ್ಞರ ಸಾಮಾನ್ಯ ಅಂದಾಜು.

ಈ ವಿಷಯದಲ್ಲಿ ಜಗತ್ತಿಗೆ ದೊಡ್ಡ ಪಾಠ ಕಲಿಸಿದ್ದು ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟೆ. ಆ ನದಿ ಆ ಕಾಲದಲ್ಲಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು ಹೊರುತ್ತಿತ್ತು. 1957ರಲ್ಲಿ ಯೋಜನೆಯ ಚರ್ಚೆ ನಡೆದಾಗ ಹುವಾಂಗ್ ವಾನ್‌ಲಿ ಎಂಬ ಪ್ರಾಧ್ಯಾಪಕರು ಅದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಕಟ್ಟಲೇಬೇಕೆಂದಿದ್ದರೆ, ನಿರ್ಮಾಣ ಕಾಲದಲ್ಲಿ ನದಿಯನ್ನು ತಿರುಗಿಸಲು ತಳದಲ್ಲಿ ಬಿಡುವ ಕಂಡಿಗಳನ್ನಾದರೂ ಮುಚ್ಚಬೇಡಿ, ಮುಂದೆ ಹೂಳು ಬಿಡಲು ಬೇಕಾಗುತ್ತವೆ ಎಂದು ಕೇಳಿಕೊಂಡರು. ಕಂಡಿಗಳನ್ನು ಕಾಂಕ್ರೀಟಿನಿಂದ ಮುಚ್ಚಲಾಯಿತು. 1960ರ ಸೆಪ್ಟೆಂಬರಿನಲ್ಲಿ ನೀರು ನಿಲ್ಲಿಸಿದ ಮೇಲೆ ಒಂದೂವರೆ ವರ್ಷದಲ್ಲಿ ಬಂದ ಹೂಳಿನ ಶೇ. 90ಕ್ಕೂ ಹೆಚ್ಚು ಭಾಗ ಒಳಗೇ ಉಳಿಯಿತು. ಕಟ್ಟೆಯಿಂದ ನೂರು ಕಿಲೋಮೀಟರಿಗೂ ಮೇಲಿರುವ ತೊಂಗ್‌ಗುವಾನ್ ಎಂಬಲ್ಲಿ ನದಿಯ ತಳ ನಾಲ್ಕೂವರೆ ಮೀಟರ್ ಏರಿತು. ಅಲ್ಲಿ ಕೂಡುವ ವೇಯ್ ನದಿಗೆ ಹರಿದುಹೋಗಲು ಇಳಿಜಾರೇ ಇಲ್ಲದಂತಾಗಿ, ಅದರ ಬಯಲಿನ ಹೊಲಗಳೂ ಶಿಆನ್ ನಗರವೂ ಪ್ರವಾಹದ ಭಯಕ್ಕೆ ಸಿಲುಕಿದವು.

ಮುಂದಿನ ಹತ್ತು ವರ್ಷ ನಡೆದದ್ದು ತಪ್ಪನ್ನು ತಿದ್ದುವ ಕೆಲಸ. ಬೆಟ್ಟದ ಬದಿಯಲ್ಲಿ ಎರಡು ಸುರಂಗ ಕೊರೆದರು. ವಿದ್ಯುತ್ ಉತ್ಪಾದನೆಗೆಂದು ಇಟ್ಟಿದ್ದ ನಾಲ್ಕು ಕೊಳವೆಗಳನ್ನು ಹೂಳು ಬಿಡುವ ದಾರಿಗಳನ್ನಾಗಿ ಮಾಡಿದರು. 1970ರಿಂದ, ಮುಚ್ಚಿದ್ದ ತಳಗಂಡಿಗಳಲ್ಲಿ ಎಂಟನ್ನು ಕಾಂಕ್ರೀಟ್ ಒಡೆದು ಮತ್ತೆ ತೆರೆದರು. ಮುಚ್ಚಬೇಡಿ ಎಂದು ಆ ಪ್ರಾಧ್ಯಾಪಕರು ಬೇಡಿಕೊಂಡಿದ್ದು ಇವನ್ನೇ. 1973ರಿಂದ ಕಾರ್ಯವಿಧಾನವೇ ಬದಲಾಯಿತು: ಪ್ರವಾಹದ ತಿಂಗಳುಗಳಲ್ಲಿ ನೀರಿನ ಮಟ್ಟ ಇಳಿಸಿ ಕೆಸರುನೀರನ್ನು ಹಾಗೆಯೇ ಹರಿಯಬಿಡುವುದು, ಪ್ರವಾಹ ಮುಗಿದು ನೀರು ತಿಳಿಯಾದ ಮೇಲೆ ಜಲಾಶಯ ತುಂಬಿಸುವುದು. ತಿಳಿನೀರು ಹಿಡಿ, ಕದಡಿದ ನೀರು ಬಿಡು ಎಂಬ ಈ ನೀತಿಯಿಂದ ಹೂಳಿನ ಒಳಹರಿವಿಗೂ ಹೊರಹರಿವಿಗೂ ಹೆಚ್ಚುಕಡಿಮೆ ಸರಿದೂಗಿತು. ಬೆಲೆ ತೆರಬೇಕಾಯಿತು ನಿಜ. ವಿದ್ಯುತ್ ಸಾಮರ್ಥ್ಯದ ಗುರಿ 1,160 ಮೆಗಾವಾಟಿನಿಂದ 250ಕ್ಕೆ ಇಳಿಯಿತು. ಆದರೆ ಜಲಾಶಯ ಉಳಿಯಿತು. ಯಾಂಗ್ಟ್ಸಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟೆಯಲ್ಲೂ ಇದೇ ತತ್ವ: ಪ್ರವಾಹ ಕಾಲದಲ್ಲಿ ನೀರಿನ ಮಟ್ಟ 145 ಮೀಟರಿಗೆ ಇಳಿದಿರುತ್ತದೆ, ಅನಂತರವೇ 175ಕ್ಕೆ ಏರಿಸುತ್ತಾರೆ.

ಈ ನೀತಿ ಅಷ್ಟೇನೂ ಹೊಸದಲ್ಲ. ನೈಲ್ ನದಿಯ ಮೇಲೆ 1902ರಲ್ಲಿ ಮುಗಿದ ಹಳೆಯ ಅಸ್ವಾನ್ ಅಣೆಕಟ್ಟೆಗೆ 180 ತೂಬುಗಳಿದ್ದವು. ನೆರೆಯ ಕೆಂಪುನೀರು ಬರುವಾಗ ಎಲ್ಲವನ್ನೂ ತೆರೆದು, ನೆರೆಯ ಕೊನೆಯ ಭಾಗದ ನೀರನ್ನು ಮಾತ್ರ ಹಿಡಿಯುತ್ತಿದ್ದರು. ಅದೇ ನದಿಯ ಮೇಲೆ 1970ರಲ್ಲಿ ಮುಗಿದ ಹೊಸ ಅಸ್ವಾನ್ ಕಟ್ಟೆ ಹೂಳನ್ನೆಲ್ಲ ಹಿಡಿದಿಡುತ್ತದೆ. ಜಲಾಶಯ ಬಹಳ ದೊಡ್ಡದಾದ್ದರಿಂದ ಅದು ತುಂಬಲು ಶತಮಾನಗಳೇ ಬೇಕು. ಆದರೆ ಕೆಳಗೆ ನೈಲ್ ಮುಖಜಭೂಮಿಗೆ ಹೊಸ ಮಣ್ಣು ಬರುವುದು ನಿಂತು ರೊಸೆಟ್ಟಾ ಬಳಿಯ ಕರಾವಳಿ ಕೊಚ್ಚಿಹೋಗುತ್ತಿದೆ.

ಪ್ರವಾಹದ ಸಮಯವನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನದಿ ವರ್ಷವಿಡೀ ಒಂದೇ ಸಮನೆ ಹೂಳು ತರುವುದಿಲ್ಲ. ಹರಿವು ಎರಡು ಪಟ್ಟಾದರೆ ಹೂಳು ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ವರ್ಷದ ಹೂಳಿನಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಅದರಲ್ಲೂ ನೆರೆ ಏರುವಾಗಿನ ನೀರು, ಅದೇ ಮಟ್ಟದಲ್ಲಿ ನೆರೆ ಇಳಿಯುವಾಗಿನ ನೀರಿಗಿಂತ ಸಾಮಾನ್ಯವಾಗಿ ಹೆಚ್ಚು ಕದಡಿರುತ್ತದೆ. ಮೊದಲ ನೀರು ಬಿಟ್ಟು ಅನಂತರ ಬರುವ ನೀರು ಹಿಡಿದರೆ ಅದೇ ಪ್ರಮಾಣದ ನೀರಿಗೆ ಬಹಳ ಕಡಿಮೆ ಹೂಳು ಸಿಗುತ್ತದೆ. ಆದರೆ ಗೇಟಿನ ಬಳಿ ನಿಂತವರ ಸಂಕಟವನ್ನೂ ನಾನು ಬಲ್ಲೆ. ಮುಂದೆ ಮಳೆ ಬರುವುದೋ ಇಲ್ಲವೋ, ಬಂದ ನೀರನ್ನು ಬಿಟ್ಟುಬಿಟ್ಟರೆ ನಾಳೆ ಜನ ಕೇಳುವುದು ಅವರನ್ನೇ. ಆದ್ದರಿಂದ ಮಳೆಯ ಮುನ್ಸೂಚನೆ, ಮೇಲ್ಭಾಗದ ನದಿಮಾಪನ ಕೇಂದ್ರಗಳು ಮತ್ತು ಲಿಖಿತ ಕಾರ್ಯಸೂಚಿ ಇವು ಮೂರೂ ಇಲ್ಲದೆ ಒಬ್ಬ ಎಂಜಿನಿಯರಿನ ಮೇಲೆ ಆ ತೀರ್ಮಾನದ ಹೊರೆ ಹಾಕುವುದು ಅನ್ಯಾಯ.

ಕೆಲವು ಕಡೆ ಹೂಳು ತಾನಾಗಿಯೇ ಕಟ್ಟೆಯವರೆಗೆ ನಡೆದು ಬರುತ್ತದೆ. ಕೆಸರುನೀರು ತಿಳಿನೀರಿಗಿಂತ ಭಾರ. ಅದು ಜಲಾಶಯದ ಮೇಲ್ತುದಿಯಲ್ಲಿ ಮುಳುಗಿ, ತಿಳಿನೀರಿನ ಅಡಿಯಲ್ಲಿ ಹಳೆಯ ನದಿಪಾತ್ರವನ್ನೇ ಹಿಡಿದು ಹಾವಿನಂತೆ ಹರಿಯುತ್ತದೆ. ಇದನ್ನು ಸಾಂದ್ರತಾ ಪ್ರವಾಹ ಎನ್ನುತ್ತೇವೆ. 1935ರಲ್ಲಿ ಹೂವರ್ ಅಣೆಕಟ್ಟೆಯ ಹಿಂದೆ ಮೀಡ್ ಸರೋವರ ತುಂಬುತ್ತಿದ್ದಾಗ ಮೇಲ್ಮೈ ನೀರು ಸ್ವಚ್ಛವಾಗಿತ್ತು, ಕೆಳಗಿನ ದ್ವಾರಗಳಿಂದ ಮಾತ್ರ ಕೆಸರುನೀರು ಹೊರಬಂದು ಎಲ್ಲರನ್ನೂ ಬೆರಗುಗೊಳಿಸಿತು. ಕೊಲೊರಾಡೊ ನದಿಯ ಕೆಸರು ಅಷ್ಟೂ ದೂರ ನೀರಿನಡಿಯಲ್ಲಿ ಪ್ರಯಾಣ ಮಾಡಿತ್ತು. ಇಂಥ ಪ್ರವಾಹ ಕಟ್ಟೆಯ ಬುಡ ಮುಟ್ಟುವ ಹೊತ್ತಿಗೆ ತಳತೂಬು ತೆರೆದರೆ ಜಲಾಶಯದ ಮಟ್ಟ ಇಳಿಸದೆಯೇ ಹೂಳು ಹೊರಹೋಗುತ್ತದೆ. ತೆರೆಯಲು ತಡವಾದರೆ ಅದು ಕಟ್ಟೆಗೆ ತಾಗಿ ನಿಂತು ಅಲ್ಲಿಯೇ ಕೂರುತ್ತದೆ. ನೀರಿನ ವಿವಿಧ ಆಳಗಳಲ್ಲಿ ಕದಡುಮಾಪಕಗಳನ್ನು ಇಳಿಬಿಟ್ಟು ಅದು ಬರುವುದನ್ನು ಕಾಯುವುದು ಹೆಚ್ಚು ಖರ್ಚಿಲ್ಲದ ಕೆಲಸ. ಹೆಚ್ಚಿನ ಜಲಾಶಯಗಳಲ್ಲಿ ಇಷ್ಟನ್ನೂ ಮಾಡಿಲ್ಲ ಎನ್ನುವುದು ನನಗೆ ನೋವಿನ ವಿಷಯ.

ಇನ್ನು, ಈಗಾಗಲೇ ಕುಳಿತ ಹೂಳನ್ನು ನೀರಿನಿಂದಲೇ ತೊಳೆದು ಹಾಕುವ ಪದ್ಧತಿ. ಜಲಾಶಯವನ್ನು ಪೂರ್ತಿ ಬರಿದು ಮಾಡಿ ತಳಗೇಟು ತೆರೆದರೆ ನದಿ ಮತ್ತೆ ನದಿಯಾಗಿ ಹರಿದು ಹೂಳನ್ನು ಕೊರೆಯುತ್ತದೆ. ಸ್ಪೇನಿನಲ್ಲಿ 1594ರಲ್ಲಿ ಮುಗಿದ ತೀಬಿ ಅಣೆಕಟ್ಟೆಯ ತಳದಲ್ಲಿ ಇದಕ್ಕೆಂದೇ ಒಂದು ಗವಿಯಂಥ ದಾರಿ ಇತ್ತು, ಮುಂದೆ ಮರದ ತೊಲೆಗಳ ಬಾಗಿಲು. ಕೆಲವು ವರ್ಷಕ್ಕೊಮ್ಮೆ ಕೆಲಸಗಾರರು ಒಳಹೊಕ್ಕು ತೊಲೆಗಳನ್ನು ಕಡಿಯುತ್ತಿದ್ದರು. ಹೂಳು ಗೋಡೆಯಂತೆ ಗಟ್ಟಿಯಾಗಿರುತ್ತಿದ್ದುದರಿಂದ ಅವರು ಹೊರಬಂದ ಮೇಲೆ ಕಟ್ಟೆಯ ಮೇಲಿನಿಂದ ಉದ್ದನೆಯ ಕಬ್ಬಿಣದ ಸಲಾಕೆಯಿಂದ ತಿವಿದು ದಾರಿ ಮಾಡುತ್ತಿದ್ದರು. ನಾಲ್ಕು ಶತಮಾನ ಹಿಂದಿನವರು ಕಟ್ಟುವಾಗಲೇ ಯೋಚಿಸಿದ್ದನ್ನು ಅನಂತರದ ಎಷ್ಟೋ ಕಟ್ಟೆಗಳ ನಕ್ಷೆಗಳು ಮರೆತವು.

ಈ ಪದ್ಧತಿಗೆ ಮಿತಿಯಿದೆ. ಇಕ್ಕಟ್ಟಾದ, ಕಡಿದಾದ ಕಣಿವೆಯ ಸಣ್ಣ ಜಲಾಶಯಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ವರ್ಷದ ಒಳಹರಿವಿನ ಶೇ. 4ಕ್ಕಿಂತ ಕಡಿಮೆ ಸಾಮರ್ಥ್ಯದವಕ್ಕೆ. ಅಗಲವಾದ ಜಲಾಶಯದಲ್ಲಿ ನೀರು ನಡುವೆ ಒಂದು ಕಾಲುವೆಯನ್ನಷ್ಟೇ ಕೊರೆದು, ಎರಡೂ ಬದಿಯ ಹೂಳಿನ ಬಯಲನ್ನು ಮುಟ್ಟದೆ ಹೋಗುತ್ತದೆ. ಕೆಳಗಿನ ನದಿಗೆ ಅಪಾಯವೂ ಉಂಟು. ಜಪಾನಿನ ಕುರೊಬೆ ನದಿಯ ದಾಶಿದೈರಾ ಅಣೆಕಟ್ಟೆಯಲ್ಲಿ ಆರು ವರ್ಷ ಕೂಡಿದ್ದ ಹೂಳನ್ನು 1991ರಲ್ಲಿ ಮೊದಲ ಬಾರಿಗೆ ಬಿಟ್ಟಾಗ, ಎಲೆ ಕಸ ಕಡ್ಡಿ ಕೊಳೆತು ಕಪ್ಪಾಗಿದ್ದ ಕೆಸರು ಹರಿದು ಮೀನುಗಾರಿಕೆಗೆ ಪೆಟ್ಟು ಬಿತ್ತು. ಅಲ್ಲಿ ಕಲಿತದ್ದು ಇದು: ಹೂಳನ್ನು ಕೂಡಿಡಬೇಡಿ, ಪ್ರತಿವರ್ಷ ನೆರೆಯ ಜೊತೆಯಲ್ಲೇ ಬಿಡಿ, ನದಿಯ ಜೀವಿಗಳು ಕದಡಿದ ನೀರಿಗೆ ಹೊಂದಿಕೊಂಡಿರುವ ಕಾಲ ಅದು. ಈಗ ಅಲ್ಲಿ ಕೆಳಗಿನ ಉನಾಜುಕಿ ಅಣೆಕಟ್ಟೆಯೊಡನೆ ಹೊಂದಾಣಿಕೆ ಮಾಡಿಕೊಂಡು ಹಾಗೆಯೇ ನಡೆಸುತ್ತಾರೆ. ಫ್ರಾನ್ಸಿನಲ್ಲಿ ರೋನ್ ನದಿಯ ಜೆನಿಸ್ಸಿಯಾ ಅಣೆಕಟ್ಟೆಯವರು ಇನ್ನೂ ಸೂಕ್ಷ್ಮ. ಬೇರೆ ಬೇರೆ ಆಳದ ಗೇಟುಗಳಿಂದ ಬರುವ ಕೆಸರುನೀರನ್ನೂ ತಿಳಿನೀರನ್ನೂ ಬೆರೆಸಿ, ಕೆಳಗೆ ಹೋಗುವ ನೀರಿನಲ್ಲಿ ಲೀಟರಿಗೆ ಸರಾಸರಿ ಐದು ಗ್ರಾಮ್ ಹೂಳು ಮೀರದಂತೆ ಕಾಯುತ್ತಾರೆ.

ಹೂಳುನೀರನ್ನು ಜಲಾಶಯದೊಳಗೆ ಬಿಡದೆಯೇ ಪಕ್ಕದ ಸುರಂಗದಲ್ಲಿ ಸಾಗಿಸುವ ದಾರಿಯೂ ಇದೆ. ಜಪಾನಿನ ಅಸಾಹಿ ಅಣೆಕಟ್ಟೆಗೆ 1998ರಲ್ಲಿ, ಸ್ವಿಟ್ಜರ್ಲೆಂಡಿನ ಸೋಲಿಸ್‌ಗೆ 2012ರಲ್ಲಿ ಅಂಥ ಸುರಂಗ ಬಂತು. ಬಹಳ ಪರಿಣಾಮಕಾರಿ, ಆದರೆ ದುಬಾರಿ. ಉರುಳುವ ಕಲ್ಲುಗಳು ಸುರಂಗದ ತಳವನ್ನು ಅರೆದುಹಾಕುವುದರಿಂದ ದುರಸ್ತಿಯೂ ಮುಗಿಯುವುದಿಲ್ಲ. ನದಿ ಜಲಾಶಯದ ಬಳಿ ದೊಡ್ಡ ತಿರುವು ಪಡೆಯುವ ಕಡೆ ಸುರಂಗ ಗಿಡ್ಡವಾಗಿ ಇದು ಕೈಗೆಟುಕುತ್ತದೆ.

ಕಾಡು ಬೆಳೆಸುವ ಮಾತಿಗೆ ಬರೋಣ. ಜಲಾನಯನ ಪ್ರದೇಶದಲ್ಲಿ ಮಣ್ಣು ಉಳಿಸುವುದು ಅಲ್ಲಿಯ ರೈತರಿಗಾಗಿಯೇ ಮಾಡಬೇಕಾದ ಕೆಲಸ, ಹೊಲದ ಬದು, ಹುಲ್ಲು, ಮರ ಎಲ್ಲವೂ ಬೇಕು. ಆದರೆ ಅದರ ಫಲ ಜಲಾಶಯದಲ್ಲಿ ಕಾಣಲು ದಶಕಗಳು ಹಿಡಿಯಬಹುದು, ಏಕೆಂದರೆ ಹಿಂದೆ ಕೊಚ್ಚಿಬಂದ ಮಣ್ಣು ಹಳ್ಳಗಳ ತಳದಲ್ಲಿ, ದಂಡೆಗಳಲ್ಲಿ ಶೇಖರವಾಗಿದ್ದು ನೆರೆ ಬಂದಾಗಲೆಲ್ಲ ಕೆಳಗಿಳಿಯುತ್ತಲೇ ಇರುತ್ತದೆ. ಹೊಸ ಬೆಟ್ಟಗಳಲ್ಲಿ ಭೂಕುಸಿತದಿಂದ ಬರುವ ಕಲ್ಲುಮಣ್ಣನ್ನು ಯಾವ ಕಾಡೂ ಪೂರ್ತಿ ತಡೆಯಲಾರದು. ಹಳ್ಳಗಳಿಗೆ ಅಡ್ಡಲಾಗಿ ಕಟ್ಟುವ ತಡೆಗೋಡೆಗಳು ಬೇಗ ತುಂಬುತ್ತವೆ, ತುಂಬಿದ ಮೇಲೆ ಅವೇ ಅಪಾಯ. ತೈವಾನಿನ ಶಿಮೆನ್ ಜಲಾಶಯದ ಮೇಲ್ಭಾಗದಲ್ಲಿದ್ದ ಬಾಲಿಂಗ್ ತಡೆಗಟ್ಟೆ 2007ರಲ್ಲಿ ಒಡೆದು, ತಾನು ಹಿಡಿದಿದ್ದ ಹೂಳನ್ನು ಕೆಳಕ್ಕೆ ಬಿಟ್ಟುಕೊಟ್ಟಿತು.

ಅಣೆಕಟ್ಟೆ ಎತ್ತರಿಸುವುದರಿಂದ ಕಾಲ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ಹೆಚ್ಚು ನೆಲ ಮುಳುಗುತ್ತದೆ, ಹಿನ್ನೀರು ಮೇಲಕ್ಕೆ ಸರಿದು ಹೂಳು ಕೂರುವ ಜಾಗವೂ ಮೇಲಕ್ಕೆ ಸರಿಯುತ್ತದೆ.

ನೀರಿನಡಿಯ ಹೂಳೆತ್ತುವ ಯಂತ್ರವಾದ ಡ್ರೆಜರ್‌ಗೂ ಒಂದು ಜಾಗವಿದೆ, ಅದನ್ನು ನಿರಾಕರಿಸುವುದಿಲ್ಲ. ವಿದ್ಯುದಾಗಾರದ ನೀರು ಸೇದುವ ಬಾಯಿ ಅಥವಾ ಕುಡಿಯುವ ನೀರಿನ ತೂಬು ಮುಚ್ಚಿಹೋಗುತ್ತಿದ್ದರೆ ಅಷ್ಟು ಭಾಗವನ್ನು ಯಂತ್ರದಿಂದಲೇ ತೆಗೆಯಬೇಕು. ಮೇಲ್ತುದಿಯ ಮುಖಜಭೂಮಿಯಲ್ಲಿ ಸಿಗುವ ಮರಳು, ಜಲ್ಲಿ ಕಟ್ಟಡಕ್ಕೆ ಬೇಕಾದ ವಸ್ತುಗಳಾದ್ದರಿಂದ ಅಲ್ಲಿ ಹೂಳೆತ್ತುವ ಖರ್ಚು ಸ್ವಲ್ಪವಾದರೂ ಹಿಂದಿರುಗುತ್ತದೆ. ಕಟ್ಟೆಯ ಹತ್ತಿರದ ನುಣುಪು ಜೇಡಿಗೆ ಕೊಳ್ಳುವವರು ಕಡಿಮೆ. ಎತ್ತರ ಕಡಿಮೆಯಿರುವ ಕಟ್ಟೆಗಳಲ್ಲಿ, ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟದ ವ್ಯತ್ಯಾಸವನ್ನೇ ಬಳಸಿ ಕೊಳವೆಯಿಂದ ಹೂಳನ್ನು ಹೀರಿ ಕೆಳಗಿನ ನದಿಗೆ ಬಿಡುವ ಸೈಫನ್ ವ್ಯವಸ್ಥೆಯೂ ಕೆಲಸ ಮಾಡುತ್ತದೆ. ಪಂಪು ಬೇಡ, ಆದರೆ ಕೊಳವೆಯ ಉದ್ದ ಹೆಚ್ಚಿದಷ್ಟೂ ಅದರ ಬಲ ಕುಗ್ಗುತ್ತದೆ.

ತೆಗೆದ ಹೂಳನ್ನು ನದಿಗೇ ಬಿಡುವುದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಹೂಳು ನದಿಯ ಕೊಳೆಯಲ್ಲ, ನದಿಯ ಸ್ವತ್ತು. ಹೂಳು ಕಳೆದುಕೊಂಡು ಕಟ್ಟೆಯಿಂದ ಹೊರಬರುವ ನೀರು ಹಸಿದಿರುತ್ತದೆ. ತನ್ನ ತಳವನ್ನೇ ತಿನ್ನುತ್ತದೆ, ದಂಡೆ ಕೆಡವುತ್ತದೆ, ಸೇತುವೆಗಳ ಬುಡ ಸಡಿಲಿಸುತ್ತದೆ. ರೈನ್ ನದಿಯ ಇಫೆಟ್ಸ್‌ಹೈಮ್ ಅಣೆಕಟ್ಟೆಯ ಕೆಳಗೆ 1978ರಿಂದ ದೋಣಿಗಳಲ್ಲಿ ಜಲ್ಲಿ ತಂದು ಸುರಿಯುತ್ತಿದ್ದಾರೆ, ಇಲ್ಲದಿದ್ದರೆ ನದಿಯ ತಳ ಕುಸಿಯುತ್ತಾ ಹೋಗುತ್ತದೆ. ಒಂದು ಕಡೆ ಹೂಳು ಹೆಚ್ಚಾಯಿತೆಂದು ಅಳುತ್ತೇವೆ, ಅದೇ ಕಟ್ಟೆಯ ಇನ್ನೊಂದು ಕಡೆ ಹೂಳಿಲ್ಲದೆ ನದಿ ಸೊರಗುತ್ತದೆ. ಹೂಳನ್ನು ದಾಟಿಸುವ ಉಪಾಯ ಎರಡಕ್ಕೂ ಮದ್ದು.

ಹಳೆಯ ಕಟ್ಟೆಯೊಂದರ ವಿಷಯದಲ್ಲಿ ಯಾರಾದರೂ ನನ್ನ ಸಲಹೆ ಕೇಳಿದರೆ ಮೊದಲು ಹೂಳಿನ ಸಮೀಕ್ಷೆಯ ವರದಿ ಕೇಳುತ್ತೇನೆ. ಪ್ರತಿಧ್ವನಿ ಮಾಪಕದಿಂದ ತಳದ ಆಳವನ್ನು ಅಳೆದದ್ದು ಯಾವಾಗ, ಹಿಂದಿನ ಸಮೀಕ್ಷೆಯ ವಿಧಾನವೇ ಇದರಲ್ಲೂ ಇದೆಯೇ ಎಂದು ನೋಡುತ್ತೇನೆ. ವಿಧಾನ ಬದಲಾದರೆ ಸಾಮರ್ಥ್ಯ ಹೆಚ್ಚಿದಂತೆಯೂ ಕಾಣಬಹುದು, ಅದು ನಂಬತಕ್ಕದ್ದಲ್ಲ. ಹೂಳು ಎಲ್ಲಿ ಕುಳಿತಿದೆ, ಮರಳೋ ಜೇಡಿಯೋ ಎಂಬುದು ಒಟ್ಟು ಎಷ್ಟು ಎಂಬುದಕ್ಕಿಂತ ಮುಖ್ಯ. ಆಮೇಲೆ ಕೇಳುವುದು ತಳಗೇಟಿನ ವಿಷಯ. ಒಂದು ಕಟ್ಟೆಯಲ್ಲಿ ನಾನು ಈ ಪ್ರಶ್ನೆ ಕೇಳಿದಾಗ, ಗೇಟು ತೆರೆದು ಎಷ್ಟು ವರ್ಷವಾಯಿತೆಂದು ಹೇಳಬಲ್ಲವರು ಅಲ್ಲಿ ಕೆಲಸದಲ್ಲಿ ಯಾರೂ ಉಳಿದಿರಲಿಲ್ಲ. ಅದರ ಮುಂದೆ ಹತ್ತು ಮೀಟರಿಗೂ ಮೇಲೆ ಹೂಳು ನಿಂತಿತ್ತು. ಅದನ್ನು ಆ ಸ್ಥಿತಿಯಲ್ಲಿ ತೆರೆಯುವುದು ಅಪಾಯ, ಏಕೆಂದರೆ ಮರದ ದಿಮ್ಮಿಯೋ ಕಲ್ಲೋ ಸಿಕ್ಕಿಕೊಂಡರೆ ಮತ್ತೆ ಮುಚ್ಚಲಾಗುವುದಿಲ್ಲ. ಮೊದಲು ಗೇಟಿನ ಮುಂದಿನ ಹೂಳನ್ನು ಡ್ರೆಜರ್‌ನಿಂದ ತೆರವು ಮಾಡಿ, ತುರ್ತು ಗೇಟು ಇಳಿಯುತ್ತದೆಯೇ ಎಂದು ಪರೀಕ್ಷಿಸಿ, ಅನಂತರ ಪ್ರತಿ ನೆರೆಯಲ್ಲೂ ಕೆಲವು ಗಂಟೆಯಾದರೂ ತೆರೆಯುವ ರೂಢಿ ಬೆಳೆಸಬೇಕೆಂದು ಬರೆದುಕೊಟ್ಟೆ. ತಳಗೇಟೇ ಇಲ್ಲದ ಕಟ್ಟೆಗಳಲ್ಲಿ ಕೋಡಿಯ ಗೇಟುಗಳನ್ನು ನೆರೆಗೆ ಮುಂಚೆಯೇ ಪೂರ್ತಿ ತೆರೆದು ಮಟ್ಟ ಇಳಿಸುವುದು, ಬಳಕೆಯಲ್ಲಿಲ್ಲದ ವಿದ್ಯುತ್ ಕೊಳವೆಯನ್ನು ಹೂಳಿನ ದಾರಿಯಾಗಿ ಮಾರ್ಪಡಿಸುವುದು, ಸಾಧ್ಯವಿದ್ದರೆ ಬದಿಯ ಬೆಟ್ಟದಲ್ಲಿ ಸುರಂಗ ಕೊರೆಯುವುದು ಇವುಗಳನ್ನು ಈ ಕ್ರಮದಲ್ಲೇ ಪರಿಶೀಲಿಸಬೇಕು. ಇನ್ನೂ ನಕ್ಷೆಯ ಹಂತದಲ್ಲಿರುವ ಕಟ್ಟೆಗಳ ವಿಷಯದಲ್ಲಿ ನಿಮ್ಮಂಥ ಓದುಗರು ಸಾರ್ವಜನಿಕ ಚರ್ಚೆಯಲ್ಲಿ ಕೇಳಬೇಕಾದದ್ದು ಒಂದೇ: ನೆರೆಯ ದಿನ ಜಲಾಶಯವನ್ನು ಹಳೆಯ ನದಿಪಾತ್ರದ ಮಟ್ಟಕ್ಕೆ ಇಳಿಸಬಲ್ಲಷ್ಟು ದೊಡ್ಡ ಗೇಟು ತಳದಲ್ಲಿ ಇಟ್ಟಿದ್ದೀರಾ?